ಇಂಡಿ ಮಾಸ್ತರರ ಬಾಣಂತನ

ಹೊಟ್ಟೆಯ ಬೊಜ್ಜು ತೆಗೆಯುವ ದವಾಖಾನೆಯಲ್ಲಿ ಕೆಲಸ ಮಾಡುವವನಿಗೆ ಸಿನಿಮಾ ಬೇಕಾಗಿಲ್ಲ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಿಂದ ಅದು ಬೆಳಗಿನ ಬಸ್ಸಿಗೇ ಬಂದಿಳಿಯುತ್ತದೆ. ನಮ್ಮಲ್ಲಿ ಬೆಳಗ್ಗೆ ಆಪರೇಶನ್, ಸಂಜೆ ಮನೆಗೆ. ಪೇಶಂಟರನ್ನು ತಯಾರು ಮಾಡುವುದು, ಆಮೇಲೆ ಫೋನ್ ಹಚ್ಚಿ "ಸಮಾಧಾನ ಐತೇನ್ರಿ?" ಎಂದು ಕೇಳುವುದು ನನ್ನ ಕೆಲಸ. ಡಾಕ್ಟರು ಬರೀ ಕೊಯ್ಯುತ್ತಾರೆ. ದವಾಖಾನೆ ನಡೆಸುವವ ನಾನು, ಯಂಕಂಚಿಯ ಈ ಹುಲಿ. ನಂಬಿಕೆ ಬರದಿದ್ದರೆ ಇಂಡಿಯ ಮಾಸ್ತರರೊಬ್ಬರ ಕಥೆ ಕೇಳಿ.

ಖಾಲಿ ಹೊಟ್ಟೆ

"ಏನೂ ತಿನ್ನಬ್ಯಾಡ್ರಿ ಸರ. ಅರವಳಿಕೆ ಕೊಟ್ಟಾಗ ವಾಂತಿ ಆದ್ರ ಜೀವಕ್ಕ ಕುತ್ತು" ಎಂದು ಹಿಂದಿನ ದಿನವೇ ಹೇಳಿದ್ದೆ. ಮಾಸ್ತರರು ತಮ್ಮ ತಾಯಿಯ ಜೊತೆ ಬಂದರು; ಎಲ್ಲರಿಗೂ ಅವರು ಆಯಿ.

"ಏನರ ತಿಂದೀರೇನ್ರಿ?"

"ಛೆ ಛೆ! ಕಟ್ಟಾ ಏಕಾದಶಿ ಮಾಡೇನಿ. ಬರೇ ಸಾಬೂದಾಣಿ ಖಿಚಡಿ, ಬಾಳಿಹಣ್ಣು, ಒಂದು ವಾಟಿ ಮಸರು."

ಡಾಕ್ಟರು ಆಪರೇಶನ್ ಮುಂದಿನ ವಾರಕ್ಕೆ ಹಾಕಿದರು. ಆಯಿ ಉರಿದುಬಿದ್ದರು: "ವಿಠ್ಠಲಗ ನಡೀತೈತಿ, ನಿಮ್ಮ ಡಾಕ್ಟರಗ ನಡ್ಯಂಗಿಲ್ಲೇನು?"

ಬಾಟ್ಲಿ

ಮುಂದಿನ ವಾರ ಆಪರೇಶನ್ ಸುಸೂತ್ರವಾಗಿ ಮುಗಿಯಿತು. ಹಳದಿ ದ್ರವ ತುಂಬಿದ ದೊಡ್ಡ ಬಾಟ್ಲಿ ಕಂಡು ಆಯಿ ಕೇಳಿದರು, "ಇದೇನೋ?"

"ನಿಮ್ಮ ಮಗನ ಕೊಬ್ಬು, ಆಯಿ."

"ಅವನದೆಲ್ಲಿಂದ ಬಂತು? ಅದು ನನ್ನ ತುಪ್ಪ! ಸಣ್ಣಾಂವಿದ್ದಾಗಿಂದ ನಾ ಬಡಿಸಿದ್ದು. ಅದನ್ನ ಚೆಲ್ಲಾಕ ನೀವ್ಯಾರು?"

ಸುಟ್ಟುಹಾಕುವುದು ಕಾಯಿದೆ ಎಂದೆ. ಆಯಿ ಡಾಕ್ಟರ ಸಣಕಲು ಮೈಯನ್ನು ಮೇಲಿಂದ ಕೆಳಗೆ ನೋಡಿ ಅಂದರು: "ಹೌದಪಾ, ತುಪ್ಪ ಕಾಣದವ್ರಿಗೆ ಅದರ ಬೆಲಿ ಏನು ಗೊತ್ತು?"

ಪಟ್ಟಿ

ಹೊಟ್ಟೆಗೆ ಬಿಗಿಯಾದ ಪಟ್ಟಿ ಹಾಕಿ, "ಮನಿಯೊಳಗ ಅಡ್ಡಾಡ್ಕೋತ ಇರ್ರಿ" ಎಂದು ಹೇಳಿ ಕಳಿಸಿದೆವು. ಮರುದಿನ ನನ್ನ ಫೋನ್ ಎತ್ತಿದವರು ಆಯಿ.

"ಸರ ಅಡ್ಡಾಡಾಕತ್ತಾರೇನ್ರಿ?"

"ಅಡ್ಡಾಡೂದಾ? ಹೊಟ್ಟಿ ಕೊಯ್ದು ಪಟ್ಟಿ ಕಟ್ಟೀರಿ! ಹೆಣ್ಮಕ್ಕಳು, ಸೊಸಿ ಎಲ್ಲಾರ ಬಾಣಂತನ ಮಾಡೇನಿ, ನನಗ ಕಲಸ್ತಿಯೇನೋ? ಹೊರಸು ಇಳ್ಯಾಕ ಬಿಟ್ಟಿಲ್ಲ. ಬಾಣಂತಿಗೆ ಕೊಡೂ ಅಂಟಿನ ಉಂಡಿ ತಿಂದು ಮಲಗ್ಯಾನ."

ಡಾಕ್ಟರ ಮುಖ ಸುಣ್ಣವಾಯಿತು. ಹೀಗೇ ಮಲಗಿದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಎದೆಗೇರಬಹುದು, ಮಾಸ್ತರರು ಉಳಿಯುವುದು ಕಷ್ಟ. ಅವರೇ ಫೋನ್ ಕಸಿದುಕೊಂಡು ಶುದ್ಧ ಪುಸ್ತಕದ ಭಾಷೆಯಲ್ಲಿ ವಿವರಿಸಿದರು. ಆಯಿ ಎಲ್ಲದಕ್ಕೂ "ಹೂಂ, ಹೂಂ" ಎಂದು, ಕೊನೆಗೆ ಮಗನಿಗೆ ಹೇಳಿದ್ದು ನಮಗೂ ಕೇಳಿಸಿತು: "ಡಾಕ್ಟರು ಭಾಳ ಕಾಳಜಿ ಮಾಡ್ತಾರ ನೋಡು. ಇನ್ನೊಂದು ಉಂಡಿ ತಿನ್ನು."

ಬಾವಿ

ಓದಿದವರ ಕೈಯಲ್ಲಿ ಆಗದ್ದಕ್ಕೆ ಹುಲಿಯೇ ಬೇಕು. ಬೈಕ್ ಹತ್ತಿ ಇಂಡಿಗೆ ಹೋದೆ.

ಮಾಸ್ತರರು ತಲೆಗೆ ಸ್ಕಾರ್ಫ್ ಬಿಗಿದು, ಕಿವಿಗೆ ಅರಳೆ ತುರುಕಿಕೊಂಡು ಹೊರಸಿನ ಮೇಲಿದ್ದರು. ಕೆಳಗೆ ಲೋಬಾನದ ಹೊಗೆ. "ಬಿಡಸೋ ತಮ್ಮಾ" ಎಂದು ಕೈಮುಗಿದರು. ಡಾಕ್ಟರು ಹೇಳಿಕೊಟ್ಟಂತೆ ಕಾಲಿನ ಮೀನಖಂಡ ಒತ್ತಿ ನೋಡಿದೆ. ಬಾವು, ನೋವು ಇರಲಿಲ್ಲ. ಇನ್ನು ಏಳಿಸಬೇಕು ಅಷ್ಟೆ.

"ಬಾಣಂತನ ಅಂದ್ರ ಇದು ನೋಡ್ರಿ ಆಯಿ!" ಎಂದೆ. "ಆದ್ರ ಬಾಣಂತಿ ನಡಕೊಂಡು ಹೋಗಿ ಮಾಡೂ ಬಾವಿ ಪೂಜಿ ಮಾಡಿಸಿಲ್ಲಲ್ಲ, ಗಂಗವ್ವ ಸುಮ್ಮನಿರ್ತಾಳೇನು?"

ಆಯಿ ಗಲ್ಲ ಬಡಿದುಕೊಂಡರು. "ಆದ್ರ ಇನ್ನೂ ದಿನ ತುಂಬಿಲ್ಲಲ್ಲೋ?"

"ಆಪರೇಶನ್ ಬಾಣಂತನಕ್ಕ ಮರುದಿನಾನ ಸುರು. ಆಮ್ಯಾಲ ದಿನಾ ಮುಂಜಾನಿ, ಮಧ್ಯಾಹ್ನ, ಸಂಜಿ" ಎಂದೆ, ಭಟ್ಟರಂತೆ ಮುಖ ಮಾಡಿ.

ಮಾಸ್ತರರು ಶಾಲು ಹೊದ್ದು, ಅರಿಷಿಣ-ಕುಂಕುಮದ ತಾಟು ಹಿಡಿದು ಓಣಿಯ ತುದಿಯ ಬಾವಿಗೆ ನಡೆದರು. ಅಂದಿನಿಂದ ದಿನಾಲೂ ನಡೆದರು, ಕಾಲು ಉಳಿಯಿತು, ಜೀವ ಉಳಿಯಿತು. ವಾರದ ಮೇಲೆ ಫೋನ್ ಮಾಡಿದೆ: "ಸಮಾಧಾನ ಐತೇನ್ರಿ ಸರ?"

"ಪ್ಯಾಂಟ್ ಸಡಲ ಆಗೈತಿ, ಭಾಳ ಸಮಾಧಾ—"

ಆಯಿ ಫೋನ್ ಕಸಿದುಕೊಂಡರು: "ಏನ್ ಸಮಾಧಾನ? ಬಾವಿ ಪೂಜಿ ನೋಡಿದ ಓಣಿ ಹೆಣ್ಮಕ್ಕಳೆಲ್ಲಾ ಕುಂಚಿಗಿ, ಕುಲಾಯಿ ಹೊಲಕೊಂಡು ಪಡಸಾಲ್ಯಾಗ ಬಂದು ಕುಂತಾರ. ಕೂಸೆಲ್ಲಿ ಅಂತ ಕೇಳ್ತಾರ, ಎಲ್ಲಿಂದ ತಂದು ತೋರಿಸ್ಲೋ?"