ಚಾಲ್ತಿಯಲ್ಲಿರುವ ಕೈ

ಜನನ ನೋಂದಣಿ ಕಚೇರಿಯ ಹಿರಿಯ ಗುಮಾಸ್ತರು ಬಲಗೈ ಮೂಳೆ ಮುರಿದುಕೊಂಡದ್ದು ಕಚೇರಿಯ ವೇಳೆಯಲ್ಲಿ, ಕಚೇರಿಯ ಏಣಿಯಿಂದ, ಕಚೇರಿಯ ನೆಲದ ಮೇಲೆ ಬಿದ್ದು. ಹೀಗಾಗಿ ಆ ಮುರಿತ ಎಲ್ಲ ರೀತಿಯಲ್ಲೂ ಕ್ರಮಬದ್ಧವಾಗಿತ್ತು. ಏಣಿಯ ಮೇಲೆ ವಿಚಾರಣೆಯೂ ನಡೆಯಿತು. ಏಣಿ ತನ್ನ ಜಾಗದಲ್ಲೇ ಇತ್ತೆಂದೂ ಜಾಗ ಬಿಟ್ಟವರು ಗುಮಾಸ್ತರೇ ಎಂದೂ ವರದಿ ಬಂತು.

ಮೂಳೆ ಡಾಕ್ಟರು ಆರು ವಾರಕ್ಕೆ ಕಟ್ಟು ಹಾಕಿದರು. ಗುಮಾಸ್ತರು ಎಡಗೈ ಬೆರಳು ಮಡಚಿ ಲೆಕ್ಕ ಹಾಕಿದರು: ಮಗಳ ಹೆರಿಗೆಗೆ ಇನ್ನು ಒಂಬತ್ತು ವಾರ. ಇಪ್ಪತ್ತಾರು ವರ್ಷದಿಂದ ಊರ ಮಕ್ಕಳ ಹೆಸರನ್ನೆಲ್ಲ ಪ್ರಮಾಣಪತ್ರದಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದ ಕೈ ಅದು. ಮೊಮ್ಮಗುವಿನ ಹೆಸರನ್ನೂ ಅದೇ ಕೈಯಲ್ಲಿ ಬರೆಯಬೇಕೆಂಬುದು ಅವರಿಗಿದ್ದ ಒಂದೇ ಆಸೆ.

ಊರಲ್ಲಿ ಮಕ್ಕಳು ಹುಟ್ಟುವುದು ನಿಲ್ಲಲಿಲ್ಲವಾದ್ದರಿಂದ ಆದೇಶ ಹೊರಬಿತ್ತು: "ಗುಮಾಸ್ತರ ಎಡಗೈಯನ್ನು ಚಾಲ್ತಿಯಲ್ಲಿರುವ ಕೈ ಎಂದು ಪರಿಗಣಿಸತಕ್ಕದ್ದು." ಎಡಗೈ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಅದರ ಮಾದರಿಗೆ ಮೊಹರು ಹಾಕಿ ಕಡತಕ್ಕೆ ಸೇರಿಸಿದರು.

ಕಟ್ಟು ಬಿಚ್ಚಿದಾಗ ಬಲಗೈ ಸೊರಗಿ ಕಡ್ಡಿಯಾಗಿತ್ತು. ದಿನಾ ಒದ್ದೆ ಬಟ್ಟೆ ಹಿಂಡಬೇಕೆಂದು ಡಾಕ್ಟರು ಹೇಳಿದ್ದೇ ತಡ, ಹೆಂಡತಿ ಮನೆಯ ಬಟ್ಟೆಯನ್ನೆಲ್ಲ ತಂದು ಮುಂದೆ ಸುರಿದರು. ಮೂರನೇ ವಾರದ ಹೊತ್ತಿಗೆ ಕೈಗೆ ಕಸುವು ಬಂತು, ಅಕ್ಷರವೂ ಮರಳಿತು. ಅಂದೇ ಬೆಳಿಗ್ಗೆ ಮಗಳಿಗೆ ಹೆಣ್ಣುಮಗುವಾಯಿತು. ಹೆಸರು ಮೊದಲೇ ಗೊತ್ತುಮಾಡಿದ್ದರು.

ಗುಮಾಸ್ತರು ಬಲಗೈಯಲ್ಲಿ ಪೆನ್ನು ಹಿಡಿದದ್ದೇ ಮೇಲಧಿಕಾರಿ ಅಡ್ಡ ಬಂದರು. ಕಡತದ ಮಾದರಿಗೆ ತಾಳೆಯಾಗದ ಅಕ್ಷರ ಊರ್ಜಿತವಲ್ಲವಂತೆ. ಕೈ ಬದಲಿಸಬೇಕಾದರೆ ಚಾಲ್ತಿಯಲ್ಲಿರುವ ಕೈ ಮುರಿದಿರತಕ್ಕದ್ದಂತೆ.

"ಸಾರ್, ಎಡಗೈ ಚೆನ್ನಾಗೇ ಇದೆಯಲ್ಲ."

"ಅದೇ ಕಣ್ರೀ ತೊಂದರೆ," ಎಂದರು ಅಧಿಕಾರಿ ಮರುಕದಿಂದ. "ಏಣಿ ಅಲ್ಲೇ ಇದೆ ನೋಡಿ."

ಅವರು ಕೆಟ್ಟವರೇನಲ್ಲ; ಏಣಿಯನ್ನು ತಾವೇ ಹಿಡಿದುಕೊಳ್ಳುವುದಾಗಿಯೂ ಹೇಳಿದರು. ಗುಮಾಸ್ತರು ಎರಡು ಮೆಟ್ಟಿಲು ಹತ್ತಿ, ಕೆಳಗೆ ನೋಡಿ, ಇಳಿದುಬಿಟ್ಟರು. ಮೊಮ್ಮಗಳ ಹೆಸರು ಗುಬ್ಬಿಕಾಲಾಗುತ್ತದಲ್ಲ ಎಂದುಕೊಳ್ಳುತ್ತಾ ನೆಟ್ಟಗೆ ಮೂಳೆ ಡಾಕ್ಟರ ಬಳಿ ಹೋದರು.

ಡಾಕ್ಟರ ಇಬ್ಬರು ಮಕ್ಕಳ ಹೆಸರೂ ಆ ಮುತ್ತಿನ ಅಕ್ಷರದಲ್ಲೇ, ಚೌಕಟ್ಟು ಹಾಕಿದ ಪ್ರಮಾಣಪತ್ರಗಳಲ್ಲಿ ಗೋಡೆ ಮೇಲಿದ್ದವು. ಡಾಕ್ಟರು ಎಲ್ಲ ಕೇಳಿದರು, ನಗಲಿಲ್ಲ. ಯಾವ ಮೂಳೆ ಮುರಿಯಲಿ ಎಂದರು.

"ಕಾಗದದ ಮೇಲೆ ಮುರೀರಿ ಸಾರ್, ಸಾಕು."

ಏಣಿಯಿಂದ ಬಿದ್ದು ಮುರಿತ ಎಂದು ಕಾಗದ ತಯಾರಾಯಿತು, ಎಡಗೈಗೆ ಕಟ್ಟು ಬಿತ್ತು. ಅದನ್ನು ಕಂಡು ಅಧಿಕಾರಿಗೆ ಹೋದ ಜೀವ ಬಂದಂತಾಯಿತು. ತಕ್ಷಣ ಬಲಗೈಯನ್ನು ಚಾಲ್ತಿಗೆ ತಂದರು. ಇಡೀ ಕಚೇರಿ ಸುತ್ತ ನಿಂತಿರಲು ಗುಮಾಸ್ತರು ಮೊಮ್ಮಗಳ ಹೆಸರು ಬರೆದರು. ಮುತ್ತೇ ಸರಿ. ಕಣ್ಣೊರೆಸಿಕೊಳ್ಳಲು ಅವರು ಎಡಗೈ ಎತ್ತಹೋದಾಗ ಎಲ್ಲರೂ ಗಾಬರಿಯಾಗಿ ತಡೆದರು.

ಏಣಿಯ ಮೇಲೆ ಮತ್ತೆ ವಿಚಾರಣೆ ನಡೆಯಿತು. ಇದು ಎರಡನೇ ಸಲವಾದ್ದರಿಂದ ಈ ಬಾರಿ ಅದನ್ನು ಅಮಾನತಿನಲ್ಲಿಟ್ಟು, ಬಾಗಿಲ ಪಕ್ಕ ಹಗ್ಗ ಕಟ್ಟಿ ನಿಲ್ಲಿಸಿದರು. ಅಂದಿನಿಂದ ಎಲ್ಲರೂ ಅದರಿಂದ ದೂರ ಸರಿದೇ ನಡೆಯುತ್ತಾರೆ. ಗುಮಾಸ್ತರಂತೂ ಎಡಗೈಯನ್ನು ಎದೆಗೊತ್ತಿಕೊಂಡು, ನೋಯುತ್ತದೆಂದು ಮುಖ ಹಿಂಡಿ, ಇನ್ನೂ ಒಂದು ಮಾರು ದೂರದಲ್ಲಿ ನಡೆಯುತ್ತಾರೆ.