ಎಲಿಸೆಯೊನ ಪರ್ಮನೆಂಟ್

ಎಲಿಸೆಯೊ ಕಾತ್ರಿಲೆಯೊನ ತಲೆಗೂದಲು 1987ರ ಜನವರಿಯ ಒಂದು ಸೋಮವಾರ ಎಷ್ಟೆತ್ತರಕ್ಕೆ ಎದ್ದು ನಿಂತಿತೆಂದರೆ, ಸ್ಟಾಕ್‌ಹೋಮಿನಿಂದ ಬಂದ ವಿಮಾನ ಇಳಿಯಲು ದಾರಿ ಸಿಗದೆ ಊರ ಮೇಲೆ ಎರಡು ಸುತ್ತು ಹೊಡೆದು ಫಿನ್‌ಲ್ಯಾಂಡಿಗೆ ಹೊರಟುಹೋಯಿತು. ನಂಬದವರು ನಂಬಬೇಡಿ. ಪೈಲಟ್ ತೀರಿಕೊಂಡಿದ್ದಾನೆ, ಇಲ್ಲದಿದ್ದರೆ ಅವನ ಬಾಯಿಂದಲೇ ಹೇಳಿಸುತ್ತಿದ್ದೆ.

ಇಷ್ಟಕ್ಕೆಲ್ಲ ಕಾರಣ ಅಂಗೈಯಗಲದ ಒಂದು ಹಳದಿ ಚೀಟಿ.

ಎಲಿಸೆಯೊ ಚಿಲಿ ದೇಶದ ತೆಮುಕೊದವನು. ಅಲ್ಲಿ ಗಣಿತದ ಮೂರನೇ ವರ್ಷದಲ್ಲಿದ್ದಾಗ ಸೇನೆ ಅಧಿಕಾರ ಹಿಡಿದು, ಸೈನಿಕರು ಬಾಗಿಲು ಬಡಿದರು. ಲೆಕ್ಕ ಅರ್ಧಕ್ಕೇ ನಿಂತಿತು. ದೇಶ ಬಿಟ್ಟು ಸ್ವೀಡನ್ನಿನ ಉತ್ತರದ ಆ ಊರಿಗೆ ಬಂದು, ಆಸ್ಪತ್ರೆಯ ನೆಲ ಒರೆಸುತ್ತ ಭಾಷೆ ಕಲಿತು, ಮೂವತ್ತು ದಾಟಿದ ಮೇಲೆ ಗಣಿತದ ಮೇಷ್ಟ್ರಾಗುವ ಕೋರ್ಸಿನಲ್ಲಿ ಒಂದು ಸೀಟು ಗಿಟ್ಟಿಸಿದ್ದ. ಪಾಸ್‌ಪೋರ್ಟಿನಲ್ಲಿ ಕಾಯಂ ವಾಸದ ಮುದ್ರೆಯೂ ಬಿದ್ದಿತ್ತು. ಅದಕ್ಕೆ ಪೊಲೀಸರಿಂದ ಹಿಡಿದು ಪತ್ರಿಕೆಯವರ ತನಕ ಎಲ್ಲರೂ ‘ಪುಟ್’ ಅನ್ನುತ್ತಿದ್ದರು. ಎಲಿಸೆಯೊ ಆ ಪುಟ್ಟನ್ನು ಎಳೆಗೂಸಿನ ಹಾಗೆ ಎದೆಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ.

ಬೆಳಿಗ್ಗೆ ಒಂಬತ್ತಕ್ಕೆ ಅಂಚೆಗೂಡಿನಲ್ಲಿ ಚೀಟಿ ಸಿಕ್ಕಿತು. ಬರೆದವರು ವಿದ್ಯಾರ್ಥಿ ಸಲಹೆಗಾರ್ತಿ ಗುನ್‌ಬ್ರಿಟ್. ‘ಎಲಿಸೆಯೊ, ಇವತ್ತು ಮೂರರೊಳಗೆ ಪರ್ಮನೆಂಟ್ ಮತ್ತು ಒಂದು ಹೊಸ ಫೋಟೋ. ತಪ್ಪಿದರೆ ನಿನ್ನ ಸೀಟು, ಕಾಯುವವರ ಪಟ್ಟಿಯ ಮೊದಲನೆಯವರಿಗೆ ಹೋಗುತ್ತದೆ.’

ಅವನು ಚೀಟಿ ಹಿಡಿದು ಹಾಸ್ಟೆಲಿನ ಅಡುಗೆಮನೆಗೆ ಓಡಿದ. ಆ ಅಡುಗೆಮನೆಯನ್ನು ಏನೆಂದು ಹೇಳಲಿ! ಒಂಬತ್ತು ಜನಕ್ಕೆ ಒಂದೇ ಫ್ರಿಜ್ಜು, ಹಾಲಿನ ಪೊಟ್ಟಣದ ಮೇಲೆಲ್ಲ ಹೆಸರು, ಆದರೂ ಯಾರ ಹಾಲು ಯಾರ ಕಾಫಿಗೆ ಬೀಳುತ್ತಿತ್ತೋ ದೇವರೇ ಬಲ್ಲ. ಅಂಥ ಕಾಫಿಯ ರುಚಿ ಆಮೇಲೆ ಎಲ್ಲೂ ಸಿಗಲಿಲ್ಲ.

ಅಲ್ಲಿ ಇಬ್ಬರಿದ್ದರು. ಒಬ್ಬಳು ಆನೆಲಿ, ಹಾಪರಾಂಡದಲ್ಲಿ ತಾಯಿಯ ಸಲೂನಿನಲ್ಲಿ ಕತ್ತರಿ ಹಿಡಿದು ಬೆಳೆದವಳು. ಇನ್ನೊಬ್ಬ ಚಿಲಿಯವನೇ, ವಾಲ್ಪರೈಸೊದ ರೇನಾಲ್ಡೊ. ಇಡೀ ಮಹಡಿಗೇ ಸುಂದರ, ಇಡೀ ಸ್ವೀಡನ್ನಿಗೇ ಬುದ್ಧಿವಂತ. ಹತ್ತು ವರ್ಷದಿಂದ ಸಿಕ್ಕಿದ ಕೋರ್ಸಿಗೆಲ್ಲ ಅರ್ಜಿ ಹಾಕುವುದೇ ಅವನ ಉದ್ಯೋಗ.

“ಪರ್ಮನೆಂಟ್ ಅಂದ್ರೆ ಏನು ತಗೊಂಡ್ ಹೋಗ್ಲಿ?” ಎಂದ ಎಲಿಸೆಯೊ.

ರೇನಾಲ್ಡೊ ಚೀಟಿ ಓದಿ, ಕಾಫಿ ಹೀರಿದ. “ಯಾಕಯ್ಯಾ, ನಿಮ್ಮಮ್ಮ ಯಾವತ್ತೂ ಪರ್ಮನೆಂಟ್ ಮಾಡಿಸ್ಕೊಂಡಿರ್ಲಿಲ್ವಾ? ನಮ್ಮ ಭಾಷೇಲೂ ಅದೇ ಮಾತು, ಇವರ ಭಾಷೇಲೂ ಅದೇ. ಔಷಧಿ ಹಾಕಿ ಕೂದಲು ಗುಂಗುರು ಮಾಡೋದು.”

“ಗಣಿತಕ್ಕೂ ಗುಂಗುರಿಗೂ ಏನಪ್ಪಾ ಸಂಬಂಧ?”

“ಹೋದ ವಾರ ಗುನ್‌ಬ್ರಿಟ್ ನಿನ್ನ ಕೂದಲು ನೋಡಿ ಏನಂದ್ರು?”

ಎಲಿಸೆಯೊ ಸಪ್ಪಗಾದ. ಪೊರಕೆಕಡ್ಡಿಯಂಥ ಅವನ ಕೂದಲು ಸದಾ ಕಣ್ಣಿನ ಮೇಲೆ ಬಿದ್ದಿರುತ್ತಿತ್ತು. “ಈ ಪರದೆ ಸರಿಸಪ್ಪ, ಬೋರ್ಡು ಹೇಗೆ ಕಾಣುತ್ತೆ?” ಎಂದು ಗುನ್‌ಬ್ರಿಟ್ ಅಂದದ್ದು ನಿಜ.

“ನೋಡಿದ್ಯಾ! ಅದಕ್ಕೇ ಹೊಸ ಫೋಟೋನೂ ಕೇಳಿರೋದು. ಹಿಮ ಗುಡಿಸೋಕೂ ನಿಯಮ ಬರೆದಿಟ್ಟಿರೋ ದೇಶ ಇದು. ಕೂದಲನ್ನ ಬಿಟ್ಟಾರಾ?”

“ಇಂಥ ನಿಯಮ ನಾನು ಕೇಳೇ ಇಲ್ಲ,” ಎಂದಳು ಆನೆಲಿ. ಆದರೆ ಅವಳ ಕೈ ಆಗಲೇ ತುರಿಸುತ್ತಿತ್ತು. ಅವಳ ಮಂಚದ ಕೆಳಗಿನ ಗುಂಗುರಿನ ಔಷಧಿ ಪೆಟ್ಟಿಗೆಗೆ ಆರು ತಿಂಗಳಿಂದ ಒಂದು ತಲೆಯೂ ಸಿಕ್ಕಿರಲಿಲ್ಲ.

ಎಲಿಸೆಯೊನ ತಲೆ ತುಂಬ ಐವತ್ತಾರು ಸುರುಳಿ ಏರಿದವು. ಔಷಧಿಯ ವಾಸನೆಗೆ ಕಿಟಕಿಯಲ್ಲಿದ್ದ ಜೆರೇನಿಯಂ ಗಿಡ ತಾನಾಗಿ ಕುಂಡದಿಂದಿಳಿದು ಮೆಟ್ಟಿಲ ಕಡೆ ನಡೆಯಿತು. ಪಕ್ಕದ ಕೋಣೆಯವರು ಬಂದು, “ಯಾರಾದ್ರೂ ಸತ್ರಾ?” ಎಂದು ಕೇಳಿಹೋದರು.

ಮಧ್ಯಾಹ್ನ ರೇನಾಲ್ಡೊ ಗಣಿತ ವಿಭಾಗದ ಕಡೆ ಒಂದು ಸುತ್ತು ಹೋಗಿಬಂದ. ನಗುತ್ತ ಹೋದವನು ಬಾಯಿಗೆ ಬೀಗ ಹಾಕಿಕೊಂಡು ಬಂದ.

“ಯಾಕೋ, ಚೆನ್ನಾಗಿ ಕಾಣಲ್ವಾ?” ಎಲಿಸೆಯೊ ಗಾಬರಿಯಾದ.

“ಚೆನ್ನಾಗಿದೆ, ಚೆನ್ನಾಗಿದೆ,” ಎಂದು ರೇನಾಲ್ಡೊ ಕಿಟಕಿಯಾಚೆ ನೋಡಿದ.

ಎರಡು ಗಂಟೆಗೆ ಎಲಿಸೆಯೊ ಸೈಕಲ್ ಹತ್ತಿದ. ಹೊರಗೆ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ ಚಳಿ. ಒದ್ದೆ ಗುಂಗುರು ಒಂದೊಂದೂ ಸ್ಪ್ರಿಂಗಿನಂತೆ ಸೆಟೆದು, ಪೆಡಲ್ ತುಳಿದಾಗಲೆಲ್ಲ ಕಿಣಿಕಿಣಿ ಅನ್ನುತ್ತಿತ್ತು. ನಾಣ್ಯ ಹಾಕಿ ಫೋಟೋ ತೆಗೆಸಿಕೊಳ್ಳುವ ಪೆಟ್ಟಿಗೆಯಲ್ಲಿ ಕೂದಲು ಹಿಡಿಸಿದರೆ ಗದ್ದ ಹಿಡಿಸದು. ಮೂರನೇ ಸಲಕ್ಕೆ ಹೇಗೋ ಎರಡೂ ಹಿಡಿಸಿ, ಮೂರಕ್ಕೆ ಹದಿನೈದು ನಿಮಿಷ ಇದ್ದಾಗ ಗುನ್‌ಬ್ರಿಟ್ ಮುಂದೆ ನಿಂತ.

“ಪರ್ಮನೆಂಟ್ ತಂದ್ಯಾ?”

“ತಂದೆ!” ಎಂದು ಹೆಮ್ಮೆಯಿಂದ ತಲೆ ಮುಂದಕ್ಕೆ ಚಾಚಿದ.

ಗುನ್‌ಬ್ರಿಟ್ ನಕ್ಕೂ ನಕ್ಕೂ ಮೇಜಿನ ಮೇಲೆ ಬಿದ್ದರು. “ಅಯ್ಯೋ ನನ್ನಪ್ಪಾ! ನಾನು ಕೇಳಿದ್ದು ನಿನ್ನ ಕಾಯಂ ವಾಸದ ಪರವಾನಗಿ! ಪುಟ್!”

“ಪುಟ್ ಅಂತಲೇ ಬರೀಬಾರ್ದಿತ್ತಾ, ಗುನ್‌ಬ್ರಿಟ್! ಜೇಬಲ್ಲೇ ಇದೆ!”

ಇಬ್ಬರೂ ಪಕ್ಕದ ಕೋಣೆಗೆ ಓಡಿದರು. ಅಲ್ಲಿ ಮುದ್ರೆ ಒತ್ತುವ ಹೋಲ್ಮ್ ಪಾಸ್‌ಪೋರ್ಟಿನ ಪೊರಕೆಯನ್ನೂ ಹೊಸ ಫೋಟೋದ ಹೂಕೋಸನ್ನೂ ಅಕ್ಕಪಕ್ಕ ಇಟ್ಟು ನೋಡಿದ.

“ಇವರಲ್ಲಿ ಎಲಿಸೆಯೊ ಯಾರು?”

“ಇಬ್ಬರೂ ನಾನೇ.”

“ಇರೋದು ಒಂದೇ ಸೀಟು. ಇಬ್ಬರೂ ಒಬ್ಬರೇ ಅಂತ ಪೊಲೀಸರ ಕೈಲಿ ಬರೆಸ್ಕೊಂಡು ಬನ್ನಿ.”

“ಹೋಲ್ಮ್, ಇವನು ನನಗೆ ಗೊತ್ತು ಕಣೋ!” ಎಂದು ಗುನ್‌ಬ್ರಿಟ್ ಗೋಗರೆದರು. ಹೋಲ್ಮ್ ಗಡಿಯಾರ ನೋಡಿದ. ಮೂರು ಹೊಡೆಯಿತು. ಸ್ಕೇಲು ಇಟ್ಟು ಎಲಿಸೆಯೊನ ಹೆಸರಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದ.

ಈ ಕತೆಯನ್ನು ವರ್ಷಕ್ಕೊಮ್ಮೆ, ಸೆಪ್ಟೆಂಬರ್ ಹದಿನೆಂಟರ ನಮ್ಮ ಚಿಲಿಯ ನಾಡಹಬ್ಬದ ದಿನ, ಎಲಿಸೆಯೊನ ಮನೆಯ ಊಟದ ಮೇಜಿನಲ್ಲಿ ಹೇಳುವುದು ರೂಢಿ. ಈ ಸಲವೂ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಎಲಿಸೆಯೊ ಮಾತ್ರ ತನ್ನ ಬೋಳು ತಲೆ ಸವರಿಕೊಂಡು, ಎಂಪನಾಡ ಎಂಬ ನಮ್ಮೂರ ಕಡುಬು ಮುರಿಯುತ್ತ ನನ್ನ ಕಡೆ ತಿರುಗಿದ.

“ಎಲ್ಲಾ ಹೇಳ್ದೆ. ಕಾಯೋರ ಪಟ್ಟೀಲಿ ಮೊದಲ್ನೇ ಹೆಸರು ಯಾರದು ಅಂತ ಮಾತ್ರ ಹೇಳ್ಲಿಲ್ವಲ್ಲೋ, ರೇನಾಲ್ಡೊ?”

ಹೌದು, ಆ ರೇನಾಲ್ಡೊ ನಾನೇ. ಸರಿ, ಹೇಳಿಬಿಡುತ್ತೇನೆ. ವಿಮಾನ ಬಂದಿರಲಿಲ್ಲ. ಜೆರೇನಿಯಂ ಕುಂಡದಲ್ಲೇ ಇತ್ತು. ಚಳಿ ಸೊನ್ನೆಗಿಂತ ಹನ್ನೊಂದೇ ಡಿಗ್ರಿ ಕೆಳಗೆ. ಚೀಟಿಯ ಅರ್ಥ ನನಗೆ ಓದಿದ ಕೂಡಲೇ ಹೊಳೆದಿತ್ತು. ಸ್ವಲ್ಪ ಹೊತ್ತು ಆಟವಾಡಿಸಿ ಹೇಳಿಬಿಡೋಣ ಅಂದುಕೊಂಡಿದ್ದೆ. ಮಧ್ಯಾಹ್ನ ವಿಭಾಗದ ಫಲಕದಲ್ಲಿ ಕಾಯುವವರ ಪಟ್ಟಿ ನೋಡಿದೆ. ಮೊದಲ ಹೆಸರು ನನ್ನದು. ಅಲ್ಲಿಂದ ನಾಲಿಗೆ ಏಳಲಿಲ್ಲ. ಮೂವತ್ತು ವರ್ಷ ನಾನು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟದ್ದೆಲ್ಲ ಅವನ ಸೀಟಿನಲ್ಲಿ ಕೂತು ಕಲಿತದ್ದು. ಅವನು ಒಂದು ವರ್ಷ ಹೆಚ್ಚಿಗೆ ನೆಲ ಒರೆಸಿ, ಆಮೇಲೆ ಅದೇ ಕೋರ್ಸಿಗೆ ಸೇರಿ, ನನ್ನ ಹಳೆಯ ನೋಟ್ಸ್ ಓದಿದ.

“ನಂಗೊತ್ತಿತ್ತು ಕಣೋ,” ಎಂದ ಎಲಿಸೆಯೊ. “ಮಾರನೇ ದಿನಾನೇ ಪಟ್ಟಿ ನೋಡಿದ್ದೆ.”

“ಮತ್ತೆ ಇಷ್ಟು ವರ್ಷ ಯಾಕೋ ಸುಮ್ನಿದ್ದೆ?”

“ವರ್ಷಾ ವರ್ಷಾ ನನ್ನ ಕೂದಲನ್ನ ಒಂದೊಂದಡಿ ಮೇಲಕ್ಕೆ ಏರಿಸ್ತಾ ಬಂದೆಯಲ್ಲ, ಎಲ್ಲೀ ತನಕ ಹೋಗುತ್ತೋ ನೋಡೋಣ ಅಂತಿದ್ದೆ. ಈ ಸಲ ವಿಮಾನಕ್ಕೇ ಅಡ್ಡ ಬಂತು. ಇನ್ನು ಜನಗಳ ಪ್ರಾಣದ ಪ್ರಶ್ನೆ ಅನ್ನಿಸ್ತು.”