ಗ್ರೀಕ್ ಡೈರೆಕ್ಟರೂ ನನ್ನ ಮೀಸೆಯೂ

ನಾನಾಗಿ ಹುಡುಕಿಕೊಂಡು ಹೋಗೋದಿಲ್ಲ, ಇಂಥ ಪ್ರಸಂಗಗಳೇ ವಿಳಾಸ ಕೇಳ್ಕೊಂಡು ನನ್ನ ಹತ್ತಿರ ಬರ್ತವೆ. ಶಿವಾಜಿನಗರದ ಬಸ್‌ಸ್ಟ್ಯಾಂಡ್ ಹಿಂದಿನ ಟಾಕೀಸಿನಲ್ಲಿ ಮೂವತ್ತು ವರ್ಷ ಪ್ರೊಜೆಕ್ಟರ್ ಓಡಿಸಿದವನು ನಾನು. ಕಾರ್ಬನ್ ಕಡ್ಡಿ ಹೊತ್ತಿಸಿ ಬೆಳಕು ಮಾಡೋ ಕಾಲ ಅದು. ಒಂದು ಸಲ ಕ್ಯಾಬಿನ್ ಕಿಟಕಿ ತೆರೆದಿಟ್ಟು ಹೊತ್ತಿಸಿದೆ ನೋಡಿ, ರಸೆಲ್ ಮಾರ್ಕೆಟ್ಟಿನ ಕೋಳಿಗಳೆಲ್ಲ ಬೆಳಗಾಯ್ತು ಅಂತ ಕೂಗಿಬಿಟ್ಟವು. ಸುಳ್ಳು ಅನ್ನೋರು ಆ ಕೋಳಿಗಳನ್ನೇ ಕೇಳಬೇಕು. ಏನ್ಮಾಡೋದು, ಅವನ್ನೆಲ್ಲ ಜನ ಅವತ್ತೇ ತಿಂದುಬಿಟ್ಟರು.

ಆ ಮೂವತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಪ್ರೇಕ್ಷಕ ನನ್ನ ಕ್ಯಾಬಿನ್ ಕಡೆ ತಿರುಗಿ, "ಲೇ ಆಪರೇಟರ್, ನಿದ್ದೆ ಮಾಡ್ತಿದ್ದೀಯೇನೋ!" ಅಂತ ಕೂಗಿದ್ದಿಲ್ಲ. ಬೇರೆ ಟಾಕೀಸುಗಳಲ್ಲಿ ಶೋಗೆ ನಾಲ್ಕು ಸಲ ಕೂಗ್ತಿದ್ದರು. ನನ್ನ ಮೀಸೆಯ ಎರಡು ತುದಿ ಮೇಲೂ ಒಂದೊಂದು ನಿಂಬೆಹಣ್ಣು ನಿಲ್ತಿತ್ತು. "ಕೂಗಿದ ದಿನ ಇದನ್ನ ಬೋಳಿಸ್ತೀನಿ" ಅಂತ ಕ್ಯಾಂಟೀನ್ ಭಾಯಿ ಹತ್ತಿರ ಪಂದ್ಯ ಕಟ್ಟಿದ್ದೆ. ನಮ್ಮ ಟಾಕೀಸಿನಲ್ಲಿ ಸಮೋಸಾ ಮಾರೋನು ಅವನು. ಹದಿನೈದು ವರ್ಷದಿಂದ ನನ್ನ ಮೀಸೆ ಮೇಲೆ ಕಣ್ಣಿಟ್ಟಿದ್ದ.

ಡಬ್ಬದ ಮೇಲಿನ ಅಕ್ಷರ

ತೊಂಬತ್ತರ ದಶಕದಲ್ಲಿ ಒಂದು ದಿನ ಹೊಸ ತಿಪ್ಪಸಂದ್ರದಿಂದ ಒಬ್ಬರು ಸ್ಕೂಟರಿನಲ್ಲಿ ಬಂದರು. ವಿಮಾನದ ಫ್ಯಾಕ್ಟರಿಯಲ್ಲಿ ಇಂಜಿನಿಯರು, ರಜೆ ಹಾಕಿದಾಗ ಫಿಲ್ಮ್ ಸೊಸೈಟಿ ಸೆಕ್ರೆಟರಿ. ಗ್ರೀಸ್ ದೇಶದ ದೊಡ್ಡ ಡೈರೆಕ್ಟರ್ ಒಬ್ಬರಂತೆ. ಅವರು ಜೀವಮಾನವೆಲ್ಲ ತೆಗೆದ ಚಿತ್ರಗಳಲ್ಲಿ ಐದನ್ನು ಆರಿಸಿ ಐದು ದಿನ ನಮ್ಮಲ್ಲಿ ಮಾರ್ನಿಂಗ್ ಶೋ ಹಾಕಬೇಕಂತೆ. ಕೊನೇ ದಿನ ಡೈರೆಕ್ಟರೇ ಬರ್ತಾರಂತೆ.

ರೀಲಿನ ಡಬ್ಬಗಳು ಬಂದವು, ಒಂದೊಂದು ಚಿತ್ರಕ್ಕೆ ಎಂಟೆಂಟು. ಮೇಲೆ ನಂಬರ್ ಇಲ್ಲ, ಗ್ರೀಕ್ ಅಕ್ಷರ. ನನಗೆ ಆಗ ಕನ್ನಡವೂ ಓದೋಕೆ ಬರ್ತಿರಲಿಲ್ಲ. ಸೊಸೈಟಿಯ ಪ್ರೊಫೆಸರುಗಳೆಲ್ಲ ಡಬ್ಬ ಸುತ್ತ ನಿಂತು ತಲೆ ಕೆರ್ಕೊಂಡರು. ನಾನೂ ಕೆರ್ಕೊಂಡೆ. ಓದಿದೋರ ಸಮಕ್ಕೆ ನಾನು ನಿಂತದ್ದು ಜೀವನದಲ್ಲಿ ಅದೇ ಮೊದಲು.

ಸೆಕ್ರೆಟರಿ ಮಾತ್ರ ನಕ್ಕರು. "ಆಪರೇಟರೇ, ಇದು ಆಲ್ಫಾ, ಇದು ಬೀಟಾ, ಇದು ಗಾಮಾ, ಇದು ಡೆಲ್ಟಾ. ನಮ್ಮ ಗಣಿತದಲ್ಲೆಲ್ಲ ಇವೇ ಇರೋದು."

ಒಂದು ಟೀ ಕುಡಿಯೋಷ್ಟರಲ್ಲಿ ಎಂಟು ಡಬ್ಬದ ಎಂಟು ಅಕ್ಷರ ಬಾಯಿಪಾಠ ಮಾಡಿಬಿಟ್ಟೆ. ಸಂಜೆಯೊಳಗೆ ಶಿವಾಜಿನಗರದಿಂದ ಹಲಸೂರು ತನಕ ನನಗೆ ಗ್ರೀಕ್ ಬರುತ್ತೆ ಅಂತ ಗೊತ್ತಿಲ್ಲದವರು ಇರಲಿಲ್ಲ. ಮಾರನೇ ದಿನ ರೇಷನ್ ಕಾರ್ಡ್ ಆಫೀಸಿನಲ್ಲಿ ಗುಮಾಸ್ತ ಕೇಳಿದ, "ಯಜಮಾನ್ರೇ, ಓದೋಕೆ ಬರುತ್ತಾ, ಇಲ್ಲಾ ಹೆಬ್ಬೆಟ್ಟಾ?"

"ಗ್ರೀಕ್ ಬರುತ್ತೆ" ಅಂದೆ.

ಗುಮಾಸ್ತ ಪೆನ್ನು ಕೆಳಗಿಟ್ಟ. ಎದ್ದು ಕುರ್ಚಿ ಹಾಕಿಸಿದ. ಹೆಬ್ಬೆಟ್ಟು ಕೂತ್ಕೊಂಡೇ ಒತ್ತಿದೆ.

ನಿಂತ ದೋಣಿ

ಮೊದಲನೇ ದಿನ. ಪರದೆ ಮೇಲೆ ಒಂದು ನದಿ, ನದಿಯಲ್ಲಿ ಒಂದು ದೋಣಿ. ದೋಣಿ ಬಂತು, ನಡುನೀರಿನಲ್ಲಿ ನಿಂತುಬಿಡ್ತು. ನೀರೂ ಅಲ್ಲಾಡಲ್ಲ, ಅದರಲ್ಲಿ ಕೂತ ಮುದುಕನೂ ಅಲ್ಲಾಡಲ್ಲ.

ನಮ್ಮ ಕಸುಬಿನಲ್ಲಿ ಚಿತ್ರ ನಿಂತರೆ ಯೋಚನೆ ಮಾಡೋ ಹಾಗಿಲ್ಲ. ಕಾರ್ಬನ್ ಬೆಂಕಿ ಮುಂದೆ ಫಿಲ್ಮು ನಿಂತುಹೋದ್ರೆ ಕಣ್ಣು ಮಿಟುಕಿಸೋದರೊಳಗೆ ಸುಟ್ಟು ತೂತು ಬೀಳುತ್ತೆ. ಕೈ ತಾನಾಗೇ ಹೋಯ್ತು, ಬೆಳಕಿನ ಮುಚ್ಚಳ ಧಡ್ ಅಂತ ಹಾಕಿದೆ. ಹಾಲ್ ಪೂರ್ತಿ ಕತ್ತಲು. ಬಗ್ಗಿ ನೋಡ್ತೀನಿ, ಫಿಲ್ಮು ಸರಸರ ಓಡ್ತಾನೇ ಇದೆ! ನಿಂತಿದ್ದು ಮೆಷಿನ್ನಲ್ಲ, ದೋಣಿ.

ಅಷ್ಟರಲ್ಲಿ ಒಂದು ನಿಮಿಷ ಹೋಗಿತ್ತು. ಮೀಸೆ ಹಿಡ್ಕೊಂಡು ಕಿವಿ ಕೊಟ್ಟೆ. ಕೂಗಿಲ್ಲ, ಶಿಳ್ಳೆ ಇಲ್ಲ, ಒಂದು ಕೆಮ್ಮೂ ಇಲ್ಲ. ಮುಚ್ಚಳ ತೆಗೆದೆ. ಒಂದು ನಿಮಿಷದ ಕಥೆ ಹಾಳಾಯ್ತಲ್ಲ ಅಂತ ಹೆದರಿದ್ದೆ. ದೋಣಿ ಅಲ್ಲೇ ಇತ್ತು.

ಭಾಯಿ ಮೆಟ್ಟಿಲು ಹತ್ತಿ ಓಡಿ ಬಂದ. "ಕ್ಯಾ ಉಸ್ತಾದ್, ಕೂಗಿದ್ರಾ?"

"ಹೋಗೋ, ಸಮೋಸಾ ಸೀದುಹೋಗುತ್ತೆ."

ಶೋ ಮುಗಿದ ಮೇಲೆ ಜುಬ್ಬಾ ಹಾಕಿದ ಪ್ರೊಫೆಸರೊಬ್ಬರು ಮೆಟ್ಟಿಲ ಹತ್ತಿರ ಹೇಳ್ತಿದ್ದರು, "ನಡುವೆ ಆ ಕತ್ತಲು ಬಂತಲ್ಲ! ಸಾವನ್ನ ಹಾಗೆ ತೋರಿಸೋಕೆ ಪ್ರಪಂಚದಲ್ಲಿ ಇನ್ನೊಬ್ಬರ ಕೈಲಿ ಆಗಲ್ಲ ಕಣ್ರೀ."

ನನ್ನ ಕೈಲಿ ಆಗುತ್ತೆ ಸಾರ್, ನಾಳೆ ಬೇಕಾದ್ರೂ ತೋರಿಸ್ತೀನಿ, ಅಂತ ಮನಸ್ಸಿನಲ್ಲೇ ಅಂದ್ಕೊಂಡೆ.

ಬಟ್ಟೆ ಬಿಚ್ಚೋ ಸೀನು

ನಮ್ಮ ಕಡೆ ಮಾರ್ನಿಂಗ್ ಶೋ, ಅದೂ ಫಾರಿನ್ ಸಿನಿಮಾ ಅಂದ್ರೆ ಗಂಡಸರಿಗೆ ಒಂದೇ ಅರ್ಥ. ಮೂರನೇ ದಿನ ಮಾರ್ಕೆಟ್ಟಿನಿಂದ ಆರು ಜನ ಅಂಗಡಿ ಬಾಗಿಲು ಅರ್ಧ ಎಳೆದು ಬಂದು ಮುಂದಿನ ಬೆಂಚಿನಲ್ಲಿ ಕೂತರು. ನಾನು ಮೀಸೆ ಮೇಲೆ ಕೈ ಇಟ್ಕೊಂಡೆ. ಇವರು ಕೂಗೋ ಜಾತಿ! ಭಾಯಿಯಂತೂ ಬಾಗಿಲ ಸಂದಿಯಲ್ಲೇ ಕಾದು ನಿಂತ.

ಹತ್ತೇ ನಿಮಿಷ. ಆರೂ ಜನ ಒಬ್ಬರ ಭುಜದ ಮೇಲೊಬ್ಬರು ಒರಗಿ ಗೊರಕೆ. ಸೆಕ್ರೆಟರಿ ಕ್ಯಾಬಿನ್ ಕಿಂಡಿಯಲ್ಲಿ ನನಗೆ ತೋರಿಸಿ ಕಣ್ಣಲ್ಲಿ ನೀರು ತಂದ್ಕೊಂಡರು. "ನೋಡಿ ಆಪರೇಟರೇ, ಜನಸಾಮಾನ್ಯರು. ಕಣ್ಮುಚ್ಚಿ ಅನುಭವಿಸ್ತಿದ್ದಾರೆ."

ಕೊನೆಯಲ್ಲಿ ಲೈಟ್ ಹಾಕಿದಾಗ ಅವರಲ್ಲೊಬ್ಬ ಎದ್ದು, ಕಣ್ಣುಜ್ಜಿಕೊಂಡು ನನ್ನ ಹತ್ತಿರ ಬಂದ.

"ಅಣ್ಣಾ, ನಿದ್ದೆ ಹತ್ತಿಬಿಡ್ತು. ಬಟ್ಟೆ ಬಿಚ್ಚೋ ಸೀನು ಬಂತಾ?"

"ಬಂತಲ್ಲ. ಒಬ್ಬ ಮುದುಕ ಕೋಟು ಬಿಚ್ಚಿದ."

"ಆಮೇಲೆ?"

"ಚಳಿ ಅಂತ ಮತ್ತೆ ಹಾಕ್ಕೊಂಡ."

ವಿಶ್ರಾಂತಿ

ಸೆಕ್ರೆಟರಿ ಮೊದಲೇ ಷರತ್ತು ಹಾಕಿದ್ದರು. ಇಂಟರ್‌ವಲ್ ಕೊಡೋ ಹಾಗಿಲ್ಲ, ಕೊಟ್ಟರೆ ಕಲೆ ಕೆಡುತ್ತೆ. ನಾಲ್ಕು ದಿನ ಭಾಯಿಯ ಸಮೋಸಾ ತಟ್ಟೆಯಲ್ಲೇ ತಣ್ಣಗಾಯ್ತು.

"ಮೂರು ಗಂಟೆ ಕೂರಿಸಿ ಇಂಟರ್‌ವಲ್ ಇಲ್ಲಾಂದ್ರೆ ಇದು ಟಾಕೀಸಾ, ಜೈಲಾ? ಉಸ್ತಾದ್, ಇವತ್ತೊಂದು ದಿನ ಕೊಡು."

"ಮಾತು ಕೊಟ್ಟಿದ್ದೀನಿ ಭಾಯಿ. ನಕ್ಕೋ, ಆಗಲ್ಲ."

ಕೊನೇ ದಿನ ಡೈರೆಕ್ಟರ್ ಬಂದರು. ಎಪ್ಪತ್ತರ ಹತ್ತಿರದ ಮುದುಕರು, ದೊಡ್ಡ ಕೋಟು. ಜೊತೆಗೆ ಇಂಗ್ಲಿಷಿಗೆ ತಿರುಗಿಸಿ ಹೇಳೋ ಒಬ್ಬ ಹೆಣ್ಣುಮಗಳು. ಭಾಯಿ ಗೇಟಿನಲ್ಲೇ ಅಡ್ಡ ನಿಂತು ಸಲಾಂ ಮಾಡಿದ, ಉಪಚಾರ ಮಾಡಿ ಮಾಡಿ ಮೂರು ಲೋಟ ಟೀ ಕುಡಿಸಿಯೇ ಒಳಗೆ ಬಿಟ್ಟ. ಅವನ ತಲೆ ಎಂಥಾದ್ದು ಅಂತ ನನಗೆ ಒಂದು ಗಂಟೆ ಆದ ಮೇಲೆ ಅರ್ಥ ಆಯ್ತು.

ಕ್ಯಾಬಿನ್ ಕಿಂಡಿಯಲ್ಲಿ ನೋಡ್ತೀನಿ, ಡೈರೆಕ್ಟರ್ ಕಾಲ ಮೇಲೆ ಕಾಲು ಹಾಕ್ತಾರೆ, ತೆಗೀತಾರೆ, ಮತ್ತೆ ಹಾಕ್ತಾರೆ. ಆ ಕಡೆ ಸೆಕ್ರೆಟರಿ, ಈ ಕಡೆ ಪ್ರೊಫೆಸರು. ತನ್ನ ಸಿನಿಮಾದಲ್ಲೇ ತಾನು ಎದ್ದು ಹೋಗೋಕಾಗುತ್ತಾ? ಆ ಸಂಕಟ ನೋಡೋಕಾಗಲಿಲ್ಲ. ನನಗೂ ವಯಸ್ಸಾಗಿತ್ತು ನೋಡಿ, ಕಷ್ಟ ಗೊತ್ತು. ಡೆಲ್ಟಾ ಡಬ್ಬ ಮುಗೀತು. ಐದನೇ ಡಬ್ಬ ಶುರು ಮಾಡಲಿಲ್ಲ. ಪರದೆ ಮೇಲೆ ಕಪ್ಪು-ಸಾಸರಿನ ಚಿತ್ರ ಇರೋ 'ವಿಶ್ರಾಂತಿ' ಸ್ಲೈಡ್ ಬಿಟ್ಟು ಲೈಟ್ ಹಾಕಿದೆ.

ಯಾರೂ ಎದ್ದಿಲ್ಲ, ಕೂಗಿಲ್ಲ. ಇಬ್ಬರು ಪರದೆ ನೋಡಿ ಏನೋ ಬರ್ಕೊಂಡರು. ಸದ್ಯ ಮೀಸೆ ಉಳೀತು ಅಂದ್ಕೊಳ್ಳೋಷ್ಟರಲ್ಲಿ ಡೈರೆಕ್ಟರ್ ಎದ್ದರು. ಕ್ಯಾಬಿನ್ ಕಡೆ ತಿರುಗಿದರು. ಎರಡೂ ಕೈ ಎತ್ತಿ, ಮುಖ ಕೆಂಪಗೆ ಮಾಡ್ಕೊಂಡು, ಗ್ರೀಕಿನಲ್ಲಿ ಕೂಗಿದರು ನೋಡಿ! ಅವರ ಐದು ಸಿನಿಮಾ ಸೇರಿಸಿದ್ರೂ ಅಷ್ಟು ಮಾತು ಇರಲಿಲ್ಲ. ಕೂಗಿ ಮುಗಿಸಿ ಹೊರಗೆ ಓಡಿದರು. ಹಗುರಾಗಿ ಬಂದು ಭಾಯಿ ಹತ್ತಿರ ನಿಂತು ನಾಲ್ಕು ಸಮೋಸಾ ತಿಂದರು.

ಅವರು ತಿಂತಿರುವಾಗಲೇ ಭಾಯಿ ಮೇಲೆ ಬಂದ. ಹಿಂದೆ ಸೆಕ್ರೆಟರಿ, ಅವರ ಹಿಂದೆ ಗೇಟಿನವನು.

"ಉಸ್ತಾದ್, ಮೀಸೆ."

"ಯಾಕೋ? ಅವರು ಬೈದ್ರು ಅಂತ ಏನು ಗ್ಯಾರಂಟಿ? ಹೊಗಳಿದ್ರೋ ಏನೋ!"

ಸೆಕ್ರೆಟರಿ ಆ ಹೆಣ್ಣುಮಗಳನ್ನ ಕೇಳಿದ್ದರಂತೆ. ಆಕೆ ಕಿವಿ ಕೆಂಪಗೆ ಮಾಡ್ಕೊಂಡು, "ಅವರಿಗೆ ಪ್ರಯಾಣದ ಆಯಾಸ" ಅಂದಳಂತೆ.

"ನೋಡಿದ್ಯಾ? ಯಾರಿಗೂ ಗೊತ್ತಿಲ್ಲ" ಅಂದೆ.

ಭಾಯಿ ನಿಧಾನವಾಗಿ ಕೈ ಒರೆಸಿಕೊಂಡ. "ಯಾರಿಗೂ ಯಾಕೆ? ಇಡೀ ಶಿವಾಜಿನಗರದಲ್ಲಿ ಗ್ರೀಕ್ ಬರೋನು ನೀನೊಬ್ಬನೇ ಅಲ್ವಾ? ನೀನೇ ಹೇಳು ಉಸ್ತಾದ್, ಏನಂದ್ರು?"

ಮೂರು ಜನವೂ ನನ್ನ ಬಾಯಿ ನೋಡ್ತಾ ನಿಂತರು. ಬರಲ್ಲ ಅಂದ್ರೆ ಗ್ರೀಕ್ ಹೋಗುತ್ತೆ, ಬರುತ್ತೆ ಅಂದ್ರೆ ಮೀಸೆ ಹೋಗುತ್ತೆ.

"ಬೈದದ್ದೇ ಕಣೋ" ಅಂದೆ. "ಉಚ್ಚಾರಣೆ ಮಾತ್ರ ಸ್ವಲ್ಪ ಹಳ್ಳಿ ಕಡೇದು."

ಉಳಿದ ನಾಲ್ಕು ಡಬ್ಬ ಓಡಿಸಿ ಮುಗಿಸಿ, ನೇರವಾಗಿ ಬಸ್‌ಸ್ಟ್ಯಾಂಡ್ ಎದುರಿನ ಕ್ಷೌರದಂಗಡಿಗೆ ಹೋಗಿ ಕೂತೆ. ಮೀಸೆ ಏನು, ಮೂರು ತಿಂಗಳಲ್ಲಿ ಮತ್ತೆ ಬಂತು. ಗ್ರೀಕ್ ಒಂದು ಸಲ ಹೋಗಿದ್ರೆ ಮತ್ತೆ ಬರ್ತಿತ್ತಾ?